ಒಂದು ಅಂಗೈ ನೀರು

ನನ್ನ ಅಣ್ಣ ಸಂಗಮೇಶನ ಮಗಳು ಸ್ಫೂರ್ತಿಗೆ ಡಾಕ್ಟರ್ ಆಗುವುದು ಬಿಟ್ಟು ಬೇರೆ ಧ್ಯಾಸವೇ ಇಲ್ಲ. ಹದಿನೇಳು ವರ್ಷದ ಹುಡುಗಿ. ಲಂಡನ್ನಿನ ಹೇಸ್‌ನ ನಮ್ಮ ಬಾಡಿಗೆ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಮೇಜು ತುರುಕಿಕೊಂಡು ಅಲ್ಲೇ ಓದುತ್ತಾಳೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಗಾಬರಿಯಾದಾಗ ಮಾತ್ರ ಬಾಯಲ್ಲಿ ವಿಜಯಪುರದ ಅಜ್ಜಿಯ ಮಾತು ಬರುತ್ತದೆ.

ಈ ದೇಶದಲ್ಲಿ ಡಾಕ್ಟರಿಕೆ ಓದಲು ಬರೀ ಮಾರ್ಕ್ಸ್ ಸಾಲದು. ರೋಗಿಗಳ ನಡುವೆ ಕೆಲಸ ಮಾಡಿದ್ದೀಯಾ ಎಂದು ಕೇಳುತ್ತಾರೆ. ಅವಳ ಶಾಲೆಯದಂತೂ ಖಡಾಖಂಡಿತ ನಿಯಮ: ಅರವತ್ತು ಗಂಟೆ ಕೆಲಸ, ಅದಕ್ಕೆ ಅಲ್ಲಿಯ ಮ್ಯಾನೇಜರ್ ಸಹಿ. ಸಹಿ ಇಲ್ಲದಿದ್ದರೆ ಶಾಲೆಯ ಶಿಫಾರಸು ಪತ್ರವಿಲ್ಲ, ಪತ್ರವಿಲ್ಲದಿದ್ದರೆ ಅರ್ಜಿಯೇ ಇಲ್ಲ. ಕೊನೆಯ ದಿನ ಅಕ್ಟೋಬರ್ ಹದಿನೈದು. ಹುಡುಗಿ ನಲವತ್ತಮೂರು ಕಡೆ ಬರೆದಳು. ಆಸ್ಪತ್ರೆ, ಬಡಾವಣೆಯ ಜಿಪಿ ಡಾಕ್ಟರು ಹೋಗಲಿ, ಹಲ್ಲಿನ ಡಾಕ್ಟರನ್ನೂ ಬಿಡಲಿಲ್ಲ. ಯುಗಾದಿ ಕೂಟದಲ್ಲಿ ಸಟನ್‌ನ ಡಾಕ್ಟರ್ ರಾಮಪ್ರಸಾದರ ಮುಂದೆ ಅಣ್ಣ ಕೈಮುಗಿದು ನಿಂತ. "ಖಂಡಿತ ನೋಡೋಣ, ಒಂದು ಮೇಲ್ ಹಾಕ್ಸಿ" ಅಂದರು. ಮೇಲ್ ಹೋಯಿತು, ಉತ್ತರ ಬರಲಿಲ್ಲ. ಅವರ ಮಗಳು ಧೃತಿ ಮಾತ್ರ ಬೇಸಿಗೆ ರಜೆ ಪೂರ್ತಿ ಅಪ್ಪನ ಗೆಳೆಯರ ವಾರ್ಡುಗಳಲ್ಲಿ ಓಡಾಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತುವವನ ಮಗಳಿಗೆ ಯಾರು ವಾರ್ಡು ತೋರಿಸುತ್ತಾರೆ?

ಕೊನೆಗೆ ನಾನು, ಅವಳ ಅತ್ತೆ ಪ್ರಭಾ, ನಾನು ದುಡಿಯುವ ಕೇರ್ ಹೋಮಿನ ಮ್ಯಾನೇಜರನ್ನು ಕಾಡಿಬೇಡಿ ಅಲ್ಲಿ ಸೇರಿಸಿದೆ. ಮೇಲಿನ ಮಹಡಿಯ ಮುದುಕರಿಗೆ ಸ್ನಾನ ಮಾಡಿಸಿ ಉಣಿಸುವುದು ನನ್ನ ಕೆಲಸ. ನನ್ನ ವೀಸಾ ಆ ಕೆಲಸಕ್ಕೇ ಗಂಟುಬಿದ್ದಿದೆ. ಕೆಲಸ ಹೋದರೆ ಅರವತ್ತು ದಿನದೊಳಗೆ ಇನ್ನೊಂದು ಹುಡುಕಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದಕ್ಕೆ ಇದೇ ಕಾರಣ.

ಸ್ಫೂರ್ತಿ ಶನಿವಾರ, ಭಾನುವಾರ ಬರುತ್ತಿದ್ದಳು. ಮೊದಲ ದಿನವೇ ಒಬ್ಬ ಅಜ್ಜ ಅವಳ ಶೂ ಮೇಲೆ ವಾಂತಿ ಮಾಡಿದ. ಇನ್ನು ಇವಳು ನಾಳೆ ಬಂದ ಹಾಗೇ ಅಂದುಕೊಂಡೆ. ಶೂ ತೊಳೆದುಕೊಂಡು ಬಂದು ಆ ಅಜ್ಜನ ಕೈ ಹಿಡಿದು ಕೂತಳು. ಬಿಸ್ಕತ್ತು ಕೊಡುವಳು, ಮುದುಕಿಯರ ಉಗುರಿಗೆ ಬಣ್ಣ ಹಚ್ಚುವಳು, ಮನೆಗೆ ಬಂದು ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವಳು.

ಅಕ್ಟೋಬರ್ ಮೊದಲ ವಾರ ಕೆಳಗಿನ ಮಹಡಿಗೆ ಮುರಿಗೆಪ್ಪ ಬಂದರು. ಬೆಳಗಾವಿ ಕಡೆಯ ನಿವೃತ್ತ ಮಾಸ್ತರರು, ಎಂಬತ್ತಮೂರು ವಯಸ್ಸು. ಪಾರ್ಶ್ವವಾಯು ಹೊಡೆದು ಇಂಗ್ಲಿಷು ಪೂರಾ ಹೋಗಿತ್ತು, ತೊದಲು ಕನ್ನಡ ಉಳಿದಿತ್ತು. ನುಂಗಲು ಕಷ್ಟ. ತೆಳ್ಳಗಿನ ನೀರು ಕುಡಿದರೆ ಶ್ವಾಸಕೋಶಕ್ಕೆ ಇಳಿಯುವ ಭಯ, ಅದಕ್ಕೇ ನೀರಿಗೂ ಚಹಕ್ಕೂ ಪುಡಿ ಬೆರೆಸಿ ಗಂಜಿಯ ಹಾಗೆ ಗಟ್ಟಿ ಮಾಡಿ ಕೊಡಬೇಕು. ಮಂಚದ ತಲೆಗೆ ಅದರ ಚೀಟಿ ಅಂಟಿಸಿತ್ತು. ಬಂದ ದಿನದಿಂದಲೇ ಅವರು ಊಟ ಬಿಟ್ಟರು. ಚಮಚ ತಂದರೆ ಬಾಯಿ ಬಿಗಿದು ಎದೆ ಮುಟ್ಟಿಕೊಳ್ಳುವರು. ಎದೆನೋವಿರಬೇಕೆಂದು ಡಾಕ್ಟರನ್ನು ಕರೆಸಿದರು. ಏನೂ ಇರಲಿಲ್ಲ. ಮಗ ಊರಿಗೆ ಹೋಗಿದ್ದ, ಫೋನಿಗೆ ಸಿಗಲಿಲ್ಲ. ಮೇಲಿನ ಮಹಡಿಯ ನನ್ನನ್ನು ಯಾರೂ ಕರೆಯಲಿಲ್ಲ.

ಶನಿವಾರ ಸ್ಫೂರ್ತಿ ಹತ್ತು ನಿಮಿಷ ಅವರ ಹತ್ತಿರ ಕೂತವಳು ಮೆಟ್ಟಿಲು ಹಾರಿಕೊಂಡು ಮೇಲೆ ಬಂದಳು. "ಅತ್ತಿ! ಅವರ ಕೊಳ್ಳಾಗ ಲಿಂಗ ಇಲ್ಲ! ಅಜ್ಜಿಗೆ ಇತ್ತಲ್ಲ, ಬೆಳ್ಳೀದು, ಅಂಥಾದು!"

ಕೊರಳಲ್ಲಿ ದಾರವಿದ್ದರೆ ಉರುಲು ಬೀಳುವ ಅಪಾಯವೆಂದು ಅದನ್ನು ಬಿಚ್ಚಿ ಲಕೋಟೆಯಲ್ಲಿ ಹಾಕಿ ಆಫೀಸಿನ ಕಪಾಟಿನಲ್ಲಿ ಇಟ್ಟಿದ್ದರು. ಲಿಂಗಪೂಜೆ ಆಗದೆ ಬಾಯಿಗೆ ತುತ್ತು ಇಡದ ಹಿರಿಯರು ನಮ್ಮಲ್ಲಿದ್ದಾರೆ, ಇವರಿಗೇನು ಗೊತ್ತು! ಸ್ಫೂರ್ತಿ ನಿಯಮ ಮುರಿಯದೆ ನೇರ ನರ್ಸ್ ಸಿರಿಶಾ ಬಳಿ ಹೋಗಿ ಹೇಳಿದಳು. ಸಿರಿಶಾ ಮ್ಯಾನೇಜರಿಗೆ ಹೇಳಿದಳು. ದಿನಾ ಪೂಜೆಯ ಹೊತ್ತಿಗೆ ಲಿಂಗ ಕೊಡುವುದೆಂದಾಯಿತು. ಮ್ಯಾನೇಜರ್ ಸ್ಫೂರ್ತಿಯ ಬೆನ್ನು ತಟ್ಟಿದಳು. ಅವತ್ತಿಗೆ ಐವತ್ತೆಂಟು ಗಂಟೆ ಮುಗಿದಿತ್ತು. ನಾಳೆ ಎರಡು ಗಂಟೆ ಮುಗಿಸು, ಸಹಿ ಹಾಕುತ್ತೇನೆ ಅಂದಳು. ನನಗೆ ಕುಣಿಯುವಷ್ಟು ಖುಷಿ.

ಪೂಜೆಗೆ ನೆರವಾಗಲು ನನ್ನನ್ನು ಕೆಳಗೆ ಕರೆದರು. ಕಾರ್ ಪಾರ್ಕಿನ ಬೇಲಿಯಿಂದ ಎರಡು ಹೂವು ಕಿತ್ತು ತಂದೆ. ಸಿರಿಶಾ ಪುಡಿ ಬೆರೆಸಿದ ನೀರನ್ನು ಮೇಜಿನ ಮೇಲಿಟ್ಟು ಇನ್ನೊಂದು ಕೋಣೆಗೆ ಹೋದಳು. ಮುರಿಗೆಪ್ಪ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅಳುತ್ತಿದ್ದರು. ನಾನು ಲೋಟ ನೋಡಿದೆ. ಲೋಳೆ ಲೋಳೆ.

"ಇಂಥಾ ಗೋಂದಿನ ನೀರು ಲಿಂಗಕ್ಕ ಎರೀತಾರೇನು? ನಳದ ನೀರು ತಗೊಂಬಾ," ಅಂದೆ, ಪಕ್ಕದಲ್ಲಿದ್ದ ಸ್ಫೂರ್ತಿಗೆ.

"ಬಟ್ ಅತ್ತಿ, ಲಿಂಗಕ್ಕ ಹಾಕಿದ್ದು ಅವ್ರು ಕುಡೀತಾರಲ್ಲ. ದ ಚಾರ್ಟ್..."

"ಚಾರ್ಟ್ ಗೀರ್ಟ್ ಇರ್ಲಿ! ಒಂದು ಅಂಗೈ ನೀರಿಗೆ ಏನಾಗ್ತದ? ಎರಡು ವರ್ಷ ಆತು ನಾ ಇಲ್ಲಿ, ನನಗ ಗೊತ್ತಿಲ್ಲೇನು?"

ಅವಳು ನನ್ನ ಮುಖ ನೋಡಿದಳು. ಹಿರಿಯಳು ಹೇಳಿದ್ದಾಳೆಂದು ಹೋಗಿ ತಂದಳು, ಅವಳೇ ಎರೆದಳು. ಅವರು ಅದನ್ನು ತೀರ್ಥವೆಂದು ಕುಡಿದರು. ಸ್ವಲ್ಪ ಕೆಮ್ಮಿದರು. ಆಮೇಲೆ ಬಟ್ಟಲು ತುಂಬ ಊಟ ಮಾಡಿ ಸ್ಫೂರ್ತಿಯ ತಲೆ ಮುಟ್ಟಿದರು.

ಭಾನುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೋದಾಗ ಬಾಗಿಲಲ್ಲಿ ಆಂಬ್ಯುಲೆನ್ಸ್ ನಿಂತಿತ್ತು. ಮುರಿಗೆಪ್ಪನವರಿಗೆ ಸುಡುವ ಜ್ವರ, ಎದೆಯಲ್ಲಿ ಗೊರಗೊರ ಸದ್ದು. ಸ್ಫೂರ್ತಿ ಬರುವುದನ್ನೇ ಕಾದು ಗೇಟಿನಲ್ಲಿ ಹಿಡಿದೆ. "ಬಾಯಿ ಮುಚ್ಕೊಂಡಿರು. ಎರಡು ತಾಸು ಅಷ್ಟ. ಸಹಿ ಆಗ್ಲಿ." ಹುಡುಗಿ ಬಿಳುಚಿಕೊಂಡಳು.

ಒಳಗೆ ಸಿರಿಶಾ ನಮ್ಮೆಲ್ಲರನ್ನೂ ಕೂಡಿಸಿ ಕೇಳಿದಳು: ಯಾರಾದರೂ ಅವರಿಗೆ ತೆಳ್ಳಗಿನ ನೀರು ಕೊಟ್ಟಿರಾ? ಆಸ್ಪತ್ರೆಯವರು ಕೇಳುತ್ತಿದ್ದಾರೆ, ತಿಳಿದರೆ ಅವರಿಗೆ ಬೇಗ ಔಷಧಿ ಕೊಡಬಹುದು.

ನನ್ನ ಕಣ್ಣ ಮುಂದೆ ವೀಸಾದ ಆ ಅರವತ್ತು ದಿನ.

"ಇಟ್ ವಾಸ್ ಮೀ," ಅಂದಳು ಸ್ಫೂರ್ತಿ. ಎಷ್ಟು ನೀರು, ಎಷ್ಟು ಹೊತ್ತಿಗೆ, ಎಷ್ಟು ಸಲ ಕೆಮ್ಮಿದರು, ಎಲ್ಲ ಹೇಳಿದಳು. ನನ್ನ ಹೆಸರೊಂದನ್ನು ಬಿಟ್ಟು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು.

ಮ್ಯಾನೇಜರ್ ಅವಳ ಬ್ಯಾಡ್ಜ್ ಕಳಚಿ ಇಸಿದುಕೊಂಡಳು. ತನಿಖೆ ಮುಗಿಯುವ ತನಕ ಸಹಿ ಇಲ್ಲ. ಮನೆಯಲ್ಲಿ ಅಣ್ಣ ಹಾರಾಡಿದ. "ಬುದ್ಧಿ ಎಲ್ಲಿ ಇಟ್ಟಿದ್ದಿ? ಚೀಟಿ ಓದಾಕ ಬರಂಗಿಲ್ಲೇನ ನಿನಗ?" ನಾನು ಅಲ್ಲೇ ರೊಟ್ಟಿ ಬಡಿಯುತ್ತಿದ್ದೆ. ಹುಡುಗಿ ಆಗಲೂ ನನ್ನ ಹೆಸರೆತ್ತಲಿಲ್ಲ. ಹದಿನೈದನೇ ತಾರೀಖು ಸಂಜೆ ಆರಕ್ಕೆ ಅರ್ಜಿಯ ಗಡುವು ಮುಗಿಯಿತು. ಅವಳು ಮೆಟ್ಟಿಲ ಕೆಳಗೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಆರೂವರೆಯವರೆಗೂ ಕೂತಿದ್ದಳು. ತಟ್ಟೆಯಲ್ಲಿಟ್ಟ ರೊಟ್ಟಿ ಹಾಗೇ ಇತ್ತು.

ಹದಿನೇಳಕ್ಕೆ ಮುರಿಗೆಪ್ಪ ಆಸ್ಪತ್ರೆಯಿಂದ ವಾಪಸು ಬಂದರು, ಮೂಳೆ ಚಕ್ಕಳವಾಗಿ. ಪೂಜೆಗೆ ನನ್ನನ್ನೇ ಕಳಿಸಿದರು. ಈ ಸಲ ಸಿರಿಶಾ ಪಕ್ಕದಲ್ಲೇ ನಿಂತಳು. ಲೋಟದಲ್ಲಿ ಅದೇ ಗೋಂದಿನ ನೀರು. "ಯಪ್ಪಾ, ಇದು ಪುಡಿ ಹಾಕಿದ ನೀರ್ರಿ. ಲಿಂಗಕ್ಕ ನಡೀತದೇನ್ರಿ?" ಎಂದು ಹೆದರುತ್ತಲೇ ಕೇಳಿದೆ.

"ಎಂಥಾ ನೀರಾದ್ರೇನವ್ವಾ," ತೊದಲಿದರು. "ಲಿಂಗದ ಮ್ಯಾಲೆ ಬಿತ್ತಂದ್ರ ತೀರ್ಥನ ಅಲ್ಲೇನು." ಎರೆಸಿಕೊಂಡು, ಕಣ್ಣಿಗೊತ್ತಿಕೊಂಡು, ಮೆಲ್ಲಗೆ ನುಂಗಿದರು. ಒಂದು ಸಲವೂ ಕೆಮ್ಮಲಿಲ್ಲ. "ಆ ಹುಡುಗಿ ಎಲ್ಲಿ?" ಎಂದು ಕೇಳಿದರು.

ನಾನು ಅಲ್ಲಿಂದ ನೇರ ಮ್ಯಾನೇಜರ್ ಕೋಣೆಗೆ ಹೋದೆ. ನೀರು ತರಿಸಿದವಳು ನಾನು, ಅವಳು ಬೇಡವೆಂದಳು, ಅಂದೆ. ಮ್ಯಾನೇಜರ್ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ, ಇದನ್ನು ಎರಡು ದಿನ ಮೊದಲು ಹೇಳಿದ್ದರೆ ಆ ಹುಡುಗಿಯ ಕಾಗದಕ್ಕೆ ಸಹಿ ಹಾಕುತ್ತಿದ್ದೆ ಅಂದಳು. ನನ್ನನ್ನು ಅವತ್ತೇ ಮನೆಗೆ ಕಳಿಸಿದರು. ತನಿಖೆಯ ಪತ್ರ ಇನ್ನೂ ಬಂದಿಲ್ಲ.

ಮನೆಗೆ ಬಂದು ಅಣ್ಣನ ಎದುರಿಗೇ ಎಲ್ಲ ಹೇಳಿದೆ. ಅಣ್ಣ ಎದ್ದು ಹೊರಗೆ ಹೋದ, ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಸ್ಫೂರ್ತಿ ಬೈಯಲಿಲ್ಲ. ಮುರಿಗೆಪ್ಪನವರು ಗಟ್ಟಿ ನೀರನ್ನೇ ಕುಡಿದರು ಎಂದಾಗ ಮಾತ್ರ ಮುಖ ಮುಚ್ಚಿಕೊಂಡು ಅತ್ತಳು. ಇಂಗ್ಲಿಷಿನ ಒಂದು ಶಬ್ದವೂ ಬರಲಿಲ್ಲ.

"ಅತ್ತಿ, ಅವತ್ತ ಅವರನ್ನ ಒಂದು ಮಾತು ಕೇಳಬಹುದಿತ್ತಲ್ಲ."

ಕೇಳಬಹುದಿತ್ತು. ಅವರು ನಮ್ಮೆದುರಿಗೇ ಕೂತಿದ್ದರು, ನಮ್ಮ ಮಾತು ಅವರಿಗೆ ಬರುತ್ತಿತ್ತು, ಮತ್ತು ಆ ಕಟ್ಟಡದಲ್ಲಿ ಅವರ ಮಾತು ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.