ಮರಿಯಮ್ಮಜ್ಜಿಯ ಪ್ಲಾಸ್ಟಿಕ್ ಹಾರ

"ತಂಗಿ, ಇಲ್ಲೊಂದು ಕೆಂಪು ಪ್ಲಾಸ್ಟಿಕ್ ಹಾರ ಇತ್ತಲ್ಲ, ಯಾರು ತೆಗೆದ್ರು?"

ಸಮಾಧಿ ಜಾಗದಲ್ಲಿ ಕಸ ಗುಡಿಸುತ್ತಿದ್ದ ನನ್ನನ್ನು ಮರಿಯಮ್ಮಜ್ಜಿ ಕೇಳಿದರು. ರಾಯದುರ್ಗದ ನಮ್ಮ ಚರ್ಚಿನ ಪರಿಸರ ಬಳಗಕ್ಕೆ ನಾನು ಸೇರಿದ ಮೊದಲ ಭಾನುವಾರ ಅದು. ದೇವರ ಸೃಷ್ಟಿಯನ್ನು ಕಾಯುವುದೂ ಆರಾಧನೆಯೇ ಎಂದು ನಂಬಿದ ನಾವು ಎಂಟು ಜನ, ಸಮಾಧಿಗಳ ಮೇಲಿದ್ದ ಪ್ಲಾಸ್ಟಿಕ್ ಹೂಗಳನ್ನೆಲ್ಲ ಆರಿಸಿ ಆರು ಚೀಲ ತುಂಬಿದ್ದೆವು. ಪುರಸಭೆಯ ಗಾಡಿ ಆಗಲೇ ಅವನ್ನು ಒಯ್ದಿತ್ತು.

"ಅದರ ಬದಲು ಈ ಬೇಲಿ ಪಕ್ಕ ಬೇವಿನ ಗಿಡ ನೆಡ್ತೀವಜ್ಜಿ" ಎಂದೆ.

"ನೆಡ್ರಿ, ಬ್ಯಾಡ ಅನ್ನಂಗಿಲ್ಲ. ನನ್ನ ಮಗಳಿಗೆ ಕಲ್ಲು ಹಾಕ್ಸಾಕ ಆಗಿರ್ಲಿಲ್ಲ. ಆ ಹಾರ ನೋಡೇ ಬಂದು ಕೂಡ್ತಿದ್ದೆ. ಈಗ ಈ ಮೂರರಾಗ ಆಕಿದು ಯಾವುದು?"

ಬೇಲಿಯ ಪಕ್ಕ ಒಂದೇ ಥರದ ಮೂರು ಮಣ್ಣಿನ ದಿಬ್ಬಗಳಿದ್ದವು. ಹಾರ ಯಾವುದರ ಮೇಲಿತ್ತೆಂದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ.

ಈಗ ಆರಾಧನೆ ಮುಗಿದ ಮೇಲೆ ಅಜ್ಜಿ ಮೂರೂ ದಿಬ್ಬಗಳ ಮುಂದೆ ಸ್ವಲ್ಪ ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ನಾನು ಬಳಗ ಬಿಟ್ಟಿಲ್ಲ. ಬೇವಿನ ಸಸಿಗಳು ಮಾತ್ರ ಚರ್ಚಿನ ಹಿಂದೆ ಇನ್ನೂ ಕವರಿನಲ್ಲೇ ಇವೆ. ಆ ಬೇಲಿಯ ಪಕ್ಕ ಗುಂಡಿ ತೋಡಲು ಯಾರೂ ಮುಂದಾಗಿಲ್ಲ.