ಯಾರ ಮನೆಯ ನಾಯ್ಕರು

ನಮ್ಮದು ನಾಯ್ಕರ ಮನೆ. ನಾಯ್ಕ ಅಂದರೆ ಮುಂದಾಳು, ಕೆಳದಿ ಅರಸರ ಕಾಲದಲ್ಲಿ ಪಡೆ ನಡೆಸಿದವರಿಗೆ ಬಂದ ಹೆಸರಿರಬೇಕು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಮನೆಗೆ ಬಂದು ಹೇಳಿದರೆ ಅಪ್ಪ ನಕ್ಕುಬಿಟ್ಟ. ಗೇಣಿ ಗದ್ದೆಯಲ್ಲಿ ಮುಂದೆ ನಡೆಯುತ್ತಿದ್ದದ್ದು ಎತ್ತು, ಅದರ ಬಾಲದ ಹಿಂದೆ ಅವನು.

ಸಾಗರದ ಆಚೆಯ ನಮ್ಮ ಹಳ್ಳಿಯಲ್ಲಿ ನಾಯ್ಕರೆಂದರೆ ನಮ್ಮದೊಂದೇ ಮನೆ. ಅರವತ್ತರ ದಶಕದಲ್ಲಿ ಶರಾವತಿಗೆ ಅಣೆಕಟ್ಟೆ ಬಂತು, ಊರು ಮುಳುಗಿತು. ಚಿಕ್ಕಪ್ಪ ತೀರ್ಥಹಳ್ಳಿ ಕಡೆ, ಕವಲೇದುರ್ಗದ ಕೆಳಗೆ ಹೋದ. ನಾವು ನಿಟ್ಟೂರಿನ ಹತ್ತಿರ ಬಂದೆವು. ಇಲ್ಲೋ, ನಾಯ್ಕರೇ ಎಂದು ಕೂಗಿದರೆ ಹತ್ತು ಮನೆಯವರು ತಿರುಗಿ ನೋಡುತ್ತಿದ್ದರು. ಘಟ್ಟದ ಕೆಳಗೆ ಇನ್ನೂ ಎಷ್ಟೋ ಮಂದಿ ಇದ್ದಾರಂತೆ.

ಊರು ಬಿಡುವ ಮೊದಲೇ ಅಜ್ಜ ತೀರಿಕೊಂಡಿದ್ದ. ಅವನನ್ನು ಸುಟ್ಟ ಜಾಗವೂ ನೀರಿನಡಿ ಹೋಯಿತು. ಅದನ್ನು ನೆನೆದರೆ ನನಗೆ ಹಗಲಲ್ಲೂ ಹೆದರಿಕೆ.

ಹೊಸ ಊರಿನಲ್ಲಿ ಮೊದಲ ಹಿರಿಯರ ಹಬ್ಬ ಬಂತು. ಸತ್ತವರಿಗೆ ಎಲೆ ಹಾಕಿ ಬಡಿಸಿ, ಮನೆಯ ಗಂಡಸು ಬಾಗಿಲಲ್ಲಿ ನಿಂತು ಅವರ ಹೆಸರು ಹಿಡಿದು ಉಣ್ಣಲು ಕರೆಯುವುದು ನಮ್ಮ ಪದ್ಧತಿ. ಅಪ್ಪ ಮಲೇರಿಯಾ ಬಂದು ಸಾಗರದ ಆಸ್ಪತ್ರೆಯಲ್ಲಿದ್ದ. ಗಂಡನ ಹೆಸರನ್ನು ಅಜ್ಜಿ ಜೀವಮಾನದಲ್ಲಿ ಬಾಯಿಗೆ ತಂದವಳಲ್ಲ. ಮಾವನ ಹೆಸರನ್ನು ಅವ್ವ ಹೇಳುವಂತಿಲ್ಲ. ನನಗಂತೂ ಅವನು ಬರೀ ಅಜ್ಜ. ಅವನಿಗೊಂದು ಹೆಸರಿತ್ತೆಂದೇ ಹೊಳೆದಿರಲಿಲ್ಲ.

"ಬರೀ ನಾಯ್ಕ್ರೇ ಅಂತ ಕರೀರಿ ಅತ್ತೆ," ಎಂದಳು ಅವ್ವ.

"ಊರ್ ತುಂಬ ನಾಯ್ಕ್ರೇ. ಯಾರ್ ಮನೇರು ಬತ್ತಾರೋ! ನಮ್ಮೋರು ದಾರಿ ಗೊತ್ತಿಲ್ದೆ ಆ ನೀರಲ್ಲೇ ನಿಂತಿರ್ತಾರೆ."

ಅಜ್ಜಿ ಅತ್ತಳು. ಮುಳುಗುವ ಊರಿನ ಮನೆ ಬಿಚ್ಚುವ ದಿನವೂ ಅಳದೆ ಎಲ್ಲರನ್ನೂ ಬೈಯುತ್ತಿದ್ದವಳು.

ಮಧ್ಯಾಹ್ನ ಏರುತ್ತಿತ್ತು. ಅವಳು ಎದ್ದು ಇನ್ನಷ್ಟು ಬಾಳೆ ಎಲೆ ಕೊಯ್ದು ತಂದಳು. ಗೋಡೆಯುದ್ದಕ್ಕೂ ಹಾಕಿ, ಇದ್ದ ಅನ್ನವನ್ನೇ ಹಿಡಿಹಿಡಿಯಾಗಿ ಎಲ್ಲಕ್ಕೂ ಬಡಿಸಿದಳು. ಆಮೇಲೆ ಬಾಗಿಲಲ್ಲಿ ನಿಂತು ಕರೆದಳು:

"ನಾಯ್ಕ್ರೇ, ಬನ್ನಿ. ಯಾರ್ ಮನೇರಾದ್ರೂ ಉಣ್ಣಿ. ನಮ್ಮೋರು ದಾರೀಲಿ ಸಿಕ್ರೆ ಕರ್ಕಂಡ್ ಬನ್ನಿ."

ಬಾಗಿಲು ಮುಂದೆ ಮಾಡಿ, ಹಿರಿಯರು ಉಂಡು ಮುಗಿಸುವಷ್ಟು ಹೊತ್ತು ನಾವು ಮೂವರೂ ಅಂಗಳದಲ್ಲಿ ಕೂತೆವು. ಬಾಗಿಲು ತೆರೆದಾಗ ಅಜ್ಜಿ ಎಲೆಗಳ ಕಡೆ ನೋಡಲೇ ಇಲ್ಲ. ಬಗ್ಗಿ ಹೊಸಿಲನ್ನು ಮುಟ್ಟಿದಳು, ನೀರಿನಿಂದ ಬಂದವರ ಕಾಲು ಒದ್ದೆ ಇರಬೇಕಲ್ಲ.

ನಾನೂ ಮುಟ್ಟಿ ನೋಡಿದೆ. ಒಣಗಿತ್ತು. ಅಜ್ಜಿ ಮಾತ್ರ ಕೈಯನ್ನು ಸೆರಗಿಗೆ ಒರೆಸಿಕೊಂಡಳು.