ಐದಕ್ಕೈದು ಡಾಕ್ಟರರ ಹೊಲಿಗೆ

ನನ್ನ ಭಾವನಿಗೆ ಅವರ ಬ್ಯಾಚಿನವರು ಇಟ್ಟ ಹೆಸರು ‘ಐದಕ್ಕೈದು’. ಅಕ್ಕ ಅದನ್ನು ಹೊಗಳಿಕೆ ಅಂದುಕೊಂಡೇ ಮದುವೆಗೆ ಒಪ್ಪಿದಳು.

ಹೆಸರು ಬಂದದ್ದು ಹೀಗೆ. ಹೌಸ್ ಸರ್ಜನ್ ಕೆಲಸದ ಕೊನೆಯ ದಿನ ಎಲ್ಲರೂ ಒಂದು ಫಾರಂ ತುಂಬಬೇಕಿತ್ತು. ಡಾಕ್ಟರಿಗೆ ಬರಬೇಕಾದ ನಲವತ್ತು ಕೆಲಸಗಳ ಪಟ್ಟಿ. ಪ್ರತಿಯೊಂದಕ್ಕೂ ಐದರಲ್ಲಿ ತಮಗೆ ತಾವೇ ಅಂಕ. ಮೂರಕ್ಕಿಂತ ಕಡಿಮೆ ಹಾಕಿಕೊಂಡವರನ್ನು ಇನ್ನೂ ಹದಿನೈದು ದಿನ ವಾರ್ಡಿನಲ್ಲೇ ಉಳಿಸಿಕೊಳ್ಳುತ್ತಿದ್ದರು. ಅಂದರೆ ಸತ್ಯಕ್ಕೆ ಶಿಕ್ಷೆ, ಸುಳ್ಳಿಗೆ ಸರ್ಟಿಫಿಕೇಟು. ಉಳಿದವರು ಅಲ್ಲೊಂದು ಇಲ್ಲೊಂದು ನಾಲ್ಕು ಹಾಕಿ ಮಾನ ಉಳಿಸಿಕೊಂಡರು. ಭಾವ ಕ್ಯಾಂಟೀನಿನಲ್ಲಿ ಕೂತು, ಟೀ ಆರುವುದರೊಳಗೆ ಮೇಲಿಂದ ಕೆಳಗೆ ಐದು ಬರೆದು ಮುಗಿಸಿದರು. ಕೊನೆಯ ಸಾಲು, ‘ತನ್ನ ತಪ್ಪನ್ನು ರೋಗಿಗೆ ತಿಳಿಸುವುದು’. ಅದಕ್ಕೂ ಐದು.

“ಸುಳ್ಳು ಅನ್ನಿಸಲಿಲ್ವಾ ಭಾವ?” ಎಂದು ಆಮೇಲೊಮ್ಮೆ ಕೇಳಿದೆ.

“ಇಲ್ಲ ಕಣೋ. ಎಲ್ಲಾ ಬರುತ್ತೆ ಅಂತ ನಿಜವಾಗ್ಲೂ ನಂಬಿದ್ದೆ. ಅದೇ ತಾನೆ ಕಾಯಿಲೆ!”

ಹೀಗೆ ತಮಗೆ ತಾವೇ ದರ್ಜೆ ಕೊಟ್ಟುಕೊಂಡ ಭಾವನ ಕೈಗೆ, ಕ್ಲಿನಿಕ್ ತೆರೆದ ವಾರದಲ್ಲೇ ಎದುರಂಗಡಿಯ ದರ್ಜಿ ಸಿಕ್ಕರು. ಕತ್ತರಿ ಜಾರಿ ಎಡಗೈ ತೋರುಬೆರಳಿನ ಒಳಮಗ್ಗುಲು ಸೀಳಿತ್ತು. ಅಂಥ ಗಾಯಕ್ಕೆ ಸೂಜಿ ಹಾಕುವ ಮೊದಲು ಕೇಳಬೇಕಾದ ಮಾತು ಒಂದೇ: ‘ಬೆರಳು ಮಡಚಿ ನೋಡೋಣ.’ ಒಳಗೆ ಬೆರಳನ್ನು ಎಳೆಯುವ ಟೆಂಡನ್ ತುಂಡಾಗಿದೆಯೋ ಇಲ್ಲವೋ ಅದರಿಂದ ತಿಳಿಯುತ್ತದೆ. ಭಾವ ಕೇಳಲಿಲ್ಲ. ಆರು ಹೊಲಿಗೆ ಹಾಕಿದರು, ಮುತ್ತು ಪೋಣಿಸಿದ ಹಾಗೆ.

“ನನ್ನ ಅನ್ನಕ್ಕೇ ಕಲ್ಲು ಹಾಕ್ತೀರಲ್ಲ ಡಾಕ್ಟ್ರೇ, ನನಗಿಂತ ಚೆನ್ನಾಗಿ ಹೊಲೀತೀರಿ!” ಎಂದರು ದರ್ಜಿ.

ಹತ್ತನೆಯ ದಿನ ಹೊಲಿಗೆ ಬಿಚ್ಚುವಾಗ, “ಬೆರಳು ಮಡಚೋಕೇ ಬರ್ತಿಲ್ಲ” ಎಂದರು.

ಭಾವನಿಗೆ ಆ ಕ್ಷಣವೇ ಅರ್ಥವಾಯಿತು. ದೊಡ್ಡಾಸ್ಪತ್ರೆಗೆ ಕಳಿಸಿದ್ದರೆ ಇನ್ನೂ ಸರಿಮಾಡಬಹುದಿತ್ತು. ಆದರೆ ಕಳಿಸುವಾಗ ಚೀಟಿಯಲ್ಲಿ ಏನಂತ ಬರೆಯುವುದು?

“ಊತ ಇಳೀಲಿ, ತಾನಾಗೇ ಸರಿಹೋಗುತ್ತೆ.”

ಎರಡು ತಿಂಗಳ ಮೇಲೆ ಕಳಿಸಿದಾಗ ಅಲ್ಲಿನ ಸರ್ಜನ್, ತಡವಾಯಿತು ಎಂದರು. ಬೆರಳು ಬಳಪದ ಹಾಗೆ ನೆಟ್ಟಗೇ ಉಳಿಯಿತು. ಮಿಷನ್ನಿಗೆ ದರ್ಜಿಯ ಹೆಂಡತಿ ಕೂತರು. ದರ್ಜಿ ಅಳತೆ ತೆಗೆಯುವುದಕ್ಕೆ ಇಳಿದರು. ಬಂದವರಿಗೆಲ್ಲ ಬೆರಳು ತೋರಿಸುತ್ತಿದ್ದರು: “ಅದೃಷ್ಟ ಇರ್ಲಿಲ್ಲ, ಮಡಚಲ್ಲ. ಆದ್ರೆ ನಮ್ ಡಾಕ್ಟ್ರ ಹೊಲಿಗೆ ನೋಡಿ, ಗುರುತೇ ಇಲ್ಲ!” ಹಾಗೆ ಭಾವನಿಗೆ ರೋಗಿಗಳು ಬಂದದ್ದೂ ಉಂಟು.

ಇಪ್ಪತ್ತೆರಡು ವರ್ಷ ಈ ಹೊಗಳಿಕೆಯನ್ನು ಭಾವ ಎದುರಿನ ಬಾಗಿಲಿನಿಂದ ಕೇಳಿಸಿಕೊಂಡರು. ಹೋದ ವರ್ಷ ಉದ್ದ ಸರಿಯಾಗಿಯೇ ಇದ್ದ ಪ್ಯಾಂಟೊಂದನ್ನು ಗಿಡ್ಡ ಮಾಡಿಸುವ ನೆಪದಲ್ಲಿ ಹೋಗಿ, ಅಳತೆಗೆ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಮಿಷನ್ನಿನ ಸದ್ದು ನಿಂತಿತು.

ದರ್ಜಿ ಟೇಪನ್ನು ನಿಧಾನಕ್ಕೆ ಸುತ್ತಿದರು. “ಆ ಹತ್ತನೇ ದಿನ ಹೇಳಿದ್ರೆ ಸಾಕಿತ್ತಲ್ಲ ಡಾಕ್ಟ್ರೇ. ನಾನೇ ಓಡಿ ಹೋಗ್ತಿದ್ದೆ.” ಅಳತೆ ಬರೆದುಕೊಂಡು, “ಪ್ಯಾಂಟು ಸೋಮವಾರ ಸಿಗುತ್ತೆ” ಎಂದರು.

ಸೋಮವಾರ ಪ್ಯಾಂಟು ಸಿಕ್ಕಿತು, ಹೇಳಿದ ಅಳತೆಗೆ ಸರಿಯಾಗಿ. ದರ್ಜಿ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಪೊಟ್ಟಣ ಕೊಟ್ಟರಂತೆ. ಅಂದಿನಿಂದ ಆ ಬೆರಳನ್ನು ಅವರು ಯಾರಿಗೂ ತೋರಿಸಿಲ್ಲ.